ಮೊರಿಸೊಗಳ ಗೋರಿಯಲ್ಲಿ ಹಕ್ಕಿಹೆಜ್ಜೆ

ಇದರಲ್ಲಿ ಬರುವ ಒಂದೊಂದು ಮಾತೂ ನಿಜ. ನನ್ನ ಅಮ್ಮನ ಮೇಲೆ ಆಣೆ. ಅಮ್ಮ ತೀರಿಕೊಂಡು ಹದಿನಾಲ್ಕು ವರ್ಷವಾಗಿರುವುದರಿಂದ ನನ್ನ ಎರಡು ಕಣ್ಣಿನ ಮೇಲೂ ಆಣೆ. ಮೆಕ್ಸಿಕೊದ ನಮ್ಮ ಸಾನ್ ರಫಾಯೆಲ್‌ನಲ್ಲಿ ಉರ್ಬಾನೊ ಪೆಲ್ರೆ ಅನ್ನುವ ಈ ನಾನು ಆಣೆ ಇಟ್ಟೆ ಅಂದರೆ ಜನ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ, ಕಥೆ ಶುರುವಾಯಿತು ಅಂತ. ನಲವತ್ತನಾಲ್ಕರ ನೆರೆಯಲ್ಲಿ ತೇಲಿಬಂದ ಹಸು ನಮ್ಮ ಮನೆಯ ಹೆಂಚಿನ ಮೇಲೆ ಕರು ಹಾಕಿತು ಅಂದವನು ನಾನೇ. ಅದು ಸುಳ್ಳು. ಹಸು ಹಿತ್ತಿಲಲ್ಲಿ ಕರು ಹಾಕಿತ್ತು. ಇದು ನಿಜ.

ಊರಿನ ದೊಡ್ಡ ಮನೆಯ ಯಜಮಾನಿ ದೊನ್ಯಾ ಲಿಯೊಕಾದಿಯಾ ಮೊರಿಸೊ ತಮ್ಮ ಊಟದ ಮೇಜಿನ ಮೇಲೆ ಪಿಂಗಾಣಿ ತಟ್ಟೆ ಇಟ್ಟು ಅದರಲ್ಲಿ ಒಂಬತ್ತು ವೆನಿಲ್ಲಾ ಕಾಯಿ ಜೋಡಿಸಿದ್ದರು. ಪಕ್ಕದಲ್ಲಿ ಹಳೆಯ ಬಾಟಲಿಯ ಬಿರಡೆ. ಬಿರಡೆಯ ಒಂದು ಮುಖಕ್ಕೆ ಏಳು ಮುಳ್ಳು ನೆಟ್ಟಿತ್ತು.

“ಯಾರ ಗುರುತು ಅಂತ ನಾನು ಕೇಳ್ತಿಲ್ಲ,” ಅಂದರು. “ಯಾವಾಗ ಇಟ್ಟಿದ್ದು ಅಂತ ಹೇಳು.”

ಹಿಂದಿನ ಗುರುವಾರ ಹೊಳೆಯಾಚೆಯ ಹಿಕಾಲ್ತೆಪೆಕ್ ಸ್ಮಶಾನದಲ್ಲಿ ಹಿಂದೆ ಫ್ರಾನ್ಸಿನಿಂದ ಬಂದ, ದೊನ್ಯಾ ತಮ್ಮ ಮೂಲಪುರುಷ ಅನ್ನುವ ಕ್ಲೋದ್ ಮೊರಿಸೊನ ಗೋರಿಗೆ ಸುಣ್ಣ ಬಳಿಯುವಾಗ ಗಾರೆ ಕಳಚಿ, ಒಳಗಿನ ಗೂಡಿನಲ್ಲಿ ಸಿಕ್ಕಿದ ತಗಡಿನ ಡಬ್ಬಿಯಲ್ಲಿ ಇವಿಷ್ಟು ಇದ್ದವು.

ನಮ್ಮ ಕಡೆ ವೆನಿಲ್ಲಾ ಬೆಳೆಯುವವನು ಕಾಯಿ ಹಸಿರಾಗಿರುವಾಗಲೇ ಒಂದೊಂದಕ್ಕೂ ತನ್ನ ಗುರುತು ಚುಚ್ಚುತ್ತಾನೆ. ಕಳ್ಳರ ಕಾಟ ಅಷ್ಟಿದೆ. ಕಾಯಿ ಬೆಳೆದ ಹಾಗೆ ಗಾಯವೂ ಬೆಳೆಯುತ್ತದೆ. ಒಣಗಿ ಕಪ್ಪಾದ ಮೇಲೂ ಚುಕ್ಕೆ ಅಳಿಸುವುದಿಲ್ಲ. ಗುರುತು ಅಪ್ಪನಿಂದ ಮಗನಿಗೆ ಬರುತ್ತದೆ, ಚುಚ್ಚುವ ಬಿರಡೆ ಮಾತ್ರ ಯಜಮಾನನ ಜೊತೆ ಗೋರಿಗೆ ಹೋಗುತ್ತದೆ.

ದೊನ್ಯಾ ಲಿಯೊಕಾದಿಯಾ ಮನೆಯ ಗುರುತು ನಾಲ್ಕು ಚುಕ್ಕೆಯ ಚೌಕ. ಗೇಟಿನ ಮೇಲೂ ಕೆತ್ತಿಸಿದ್ದಾರೆ. ತಟ್ಟೆಯಲ್ಲಿದ್ದ ಕಾಯಿಗಳ ಮೇಲೆ ಇದ್ದದ್ದು ಏಳು ಚುಕ್ಕೆ. ಮೂರು ಬೆರಳು ಮುಂದೆ, ಒಂದು ಹಿಂದೆ. ಹಕ್ಕಿಹೆಜ್ಜೆ. ಅದನ್ನು ಇವತ್ತಿಗೂ ಚುಚ್ಚುವವರು ಹೊಳೆಯಾಚೆ ಒಂದೇ ಮನೆಯವರು. ಅವರ ಮನೆತನದ ಹೆಸರೂ ಮೊರಿಸೊ. ಅಪ್ಪ ಫಿಲೆಮೊನ್, ಮಗಳು ಕಾಂದಿದಾ. ಬಣ್ಣ ಕಪ್ಪು, ಮನೆ ತಾಳೆಗರಿಯದು, ಮುದುಕ ಇಲ್ಲಿನ ಮೂಲನಿವಾಸಿಗಳ ತೊತೊನಾಕ್ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಾನೆ.

ಫಿಲೆಮೊನ್‌ಗೆ ಎಪ್ಪತ್ತಾರು. ಹದಿನೈದು ದಿನದಿಂದ ಹಾಸಿಗೆ ಬಿಟ್ಟಿಲ್ಲ, ಇನ್ನು ಬಿಡುವುದೂ ಇಲ್ಲ. ಅವನ ಆಸೆ ಒಂದೇ: ತನ್ನನ್ನು ಕ್ಲೋದ್ ಮೊರಿಸೊ ಪಕ್ಕದಲ್ಲಿ ಮಣ್ಣು ಮಾಡಬೇಕು, ಅವನು ತನ್ನ ಮುತ್ತಜ್ಜ ಅಂತ. ಕಾಂದಿದಾ ಸ್ಮಶಾನದ ಸಮಿತಿಗೆ ಅರ್ಜಿ ಕೊಟ್ಟಿದ್ದಳು. ಸಮಿತಿಯ ಅಧ್ಯಕ್ಷೆ ದೊನ್ಯಾ ಲಿಯೊಕಾದಿಯಾ. ದಾಖಲೆ ತೋರಿಸಿ ಅಂದಿದ್ದರು. ಅಷ್ಟರಲ್ಲಿ ಗೋರಿಯೇ ಬಾಯಿ ಬಿಟ್ಟಿತ್ತು.

“ಕೂಲಿಯವರು ಧಣಿ ಹೆಸರು ಇಟ್ಕೊಂಡಿದ್ದು ಊರಿಗೇ ಗೊತ್ತು,” ಅಂದರು ದೊನ್ಯಾ. “ಹೆಸರು ಕೊಟ್ಟಿದ್ದಾಯ್ತು. ಈಗ ಗೋರೀನೂ ಕೊಡಬೇಕಾ? ಆ ಹುಡುಗಿ ಡಬ್ಬಿ ತಂದಿಟ್ಟಿದ್ದಾಳೆ. ನೀನು ಪತ್ತೇದಾರ, ಹಾಗಂತ ಬರೆದುಕೊಡು.”

ಇಷ್ಟು ಹೇಳಿ ಅವರು ನನಗೆ ಹೊಳೆಸಿಗಡಿ ಬಡಿಸಿದರು. ಕೈಯಾರೆ.

ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಮೇಜಿನಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ದೊನ್ಯಾ ಲಿಯೊಕಾದಿಯಾ ಯಾರಿಗೂ ಕೈಯಾರೆ ಬಡಿಸಿದ್ದು ನೋಡಿರಲಿಲ್ಲ, ಬಿಷಪ್‌ಗೂ ಕೂಡ. ಗುಮಾಸ್ತನಾಗಿದ್ದವನು ಪತ್ತೇದಾರನಾದ ಮೇಲೆ ನನ್ನ ಮರ್ಯಾದೆ ಹೆಚ್ಚಿದೆ ಅಂದುಕೊಂಡೆ. ಎರಡನೇ ಸಲ ಬಡಿಸಿದರು. ಮೂರನೇ ಸಲವೂ ಬಡಿಸಿದರು. ಅವರ ತಂಗಿಯ ಮಗ ಗಾಸ್ತೊನ್ ಕಾಣಲಿಲ್ಲ. ನಲವತ್ತು ದಾಟಿದ ಗಾಸ್ತೊನ್ ಹುಟ್ಟಿದಾಗಿನಿಂದ ಆ ಮನೆಯ ಒಂದು ಊಟವನ್ನೂ ತಪ್ಪಿಸಿದವನಲ್ಲ. ಎಲ್ಲಿ ಅಂತ ಕೇಳಿದೆ. ತಲೆನೋವು, ಮಲಗಿದ್ದಾನೆ ಅಂದರು. ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಆದರೆ ಸಿಗಡಿಗೆ ಬೆಳ್ಳುಳ್ಳಿ ಬಹಳ ಹದವಾಗಿ ಬಿದ್ದಿತ್ತು.

ಕೈ ತೊಳೆದು ಭೂತಗನ್ನಡಿ ತೆಗೆದೆ.

ಒಣಗಿದ ಕಾಯಿಗೆ ಮುಳ್ಳು ಚುಚ್ಚಿದರೆ ಬರೀ ತೂತು ಬೀಳುತ್ತದೆ, ಚಪ್ಪಲಿಗೆ ಮೊಳೆ ಹೊಡೆದ ಹಾಗೆ. ಹಸಿರು ಕಾಯಿಗೆ ಚುಚ್ಚಿದರೆ ಗಾಯದ ಅಂಚು ದಪ್ಪಗಟ್ಟುತ್ತದೆ, ಕಾಯಿ ಉದ್ದವಾದಂತೆ ಚುಕ್ಕೆಯೂ ಉದ್ದವಾಗುತ್ತದೆ. ಈ ಒಂಬತ್ತರಲ್ಲೂ ಅಂಚು ದಪ್ಪವಾಗಿತ್ತು. ಬಳ್ಳಿಯ ಮೇಲಿದ್ದಾಗಲೇ ಚುಚ್ಚಿದ್ದು.

ಕಾಂದಿದಾ ತನ್ನ ತೋಟದ ಕಾಯಿಯನ್ನೇ ತಂದಿಟ್ಟಿರಬಹುದಲ್ಲ? ಒಂದನ್ನು ಬಗ್ಗಿಸಿದೆ. ಹೋದ ವರ್ಷದ ಕಾಯಿ ಚರ್ಮದ ಹಾಗೆ ಬಗ್ಗುತ್ತದೆ. ಇದು ಕಡ್ಡಿಯ ಹಾಗೆ ಲಟಕ್ಕೆಂದಿತು. ಮೂಗಿಗೆ ಹಿಡಿದೆ. ವಾಸನೆ ಸತ್ತು ಎಷ್ಟೋ ಕಾಲವಾಗಿತ್ತು.

ಆಮೇಲೆ ಬಿರಡೆ. ಫಿಲೆಮೊನ್ ಮನೆಯಲ್ಲಿ ಈಗ ಬಳಸುವುದು ಹೊಲಿಗೆ ಸೂಜಿ. ನನ್ನ ಅಜ್ಜನ ಕಾಲಕ್ಕೇ ಎಲ್ಲರೂ ಸೂಜಿಗೆ ಬಂದಿದ್ದರು. ಇದರಲ್ಲಿದ್ದದ್ದು ಕಿತ್ತಳೆ ಗಿಡದ ಮುಳ್ಳು. ಬಿರಡೆ ತಿರುಗಿಸಿದೆ. ಬುಡಕ್ಕೆ ಕಾದ ಕಬ್ಬಿಣದಿಂದ ಸುಟ್ಟ ಒಂದು ಗುರುತಿತ್ತು: ದ್ರಾಕ್ಷಿ ಬಳ್ಳಿ ಸವರುವ ಕುಡುಗೋಲು, ಹಿಡಿ ಎಡಕ್ಕೆ, ತುದಿ ಮುರಿದಿದ್ದು.

ಬಿರಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.

ತುದಿ ಮುರಿದ ಆ ಕುಡುಗೋಲನ್ನು ನಾನು ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ. ನನ್ನ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಫೋಟೊ ಇದೆ. ಫ್ರಾನ್ಸ್‌ನ ಶಾಂಪ್ಲಿತ್‌ನಲ್ಲಿ ಕ್ಲೋದ್ ಮೊರಿಸೊ ಹುಟ್ಟಿದ ಮನೆಯ ಬಾಗಿಲು, ಮೇಲೆ ಕಲ್ಲಿನಲ್ಲಿ ಕೆತ್ತಿದ ಅದೇ ಕುಡುಗೋಲು. ಊರಿನ ಬೇರು ಹುಡುಕುವ ಹುಚ್ಚಿನಲ್ಲಿ ನಾನು ಬರೆದ ಕಾಗದಕ್ಕೆ ಅಲ್ಲಿನ ಒಬ್ಬ ಮೇಷ್ಟ್ರು ಕಳಿಸಿದ್ದು. ದ್ರಾಕ್ಷಿ ಕೈಕೊಟ್ಟಾಗ ಅಣ್ಣ ತಮ್ಮಂದಿರು ದಿಕ್ಕಿಗೊಬ್ಬರು ಹೋದರಂತೆ, ಈಗ ಆ ಊರಿನಲ್ಲಿ ಮೊರಿಸೊ ಅನ್ನುವವರು ಒಬ್ಬರೂ ಇಲ್ಲ, ಬಾಗಿಲು ಮಾತ್ರ ಇದೆ ಅಂತ ಬರೆದಿದ್ದರು. ಕ್ಲೋದ್ ಹಡಗು ಹತ್ತುವಾಗ ತನ್ನ ತೋಟದ ವೈನಿನ ಒಂದು ಬಾಟಲಿ ತಂದಿದ್ದ. ವೈನ್ ಕುಡಿದ, ಬಿರಡೆ ಇಟ್ಟುಕೊಂಡ. ಇಲ್ಲಿನವರಿಂದ ವೆನಿಲ್ಲಾ ಕಲಿತು, ಅದೇ ಬಿರಡೆಗೆ ಮುಳ್ಳು ನೆಟ್ಟ.

ಅಂದರೆ ಹಕ್ಕಿಹೆಜ್ಜೆ ಕ್ಲೋದ್‌ನ ಗುರುತು. ಅದು ಯಾರ ಮನೆಗೆ ಇಳಿದು ಬಂದಿದೆಯೋ ಅವರೇ ಅವನ ಮಕ್ಕಳು.

“ಇದು ಹಳೇದು ಅಮ್ಮಾವ್ರೇ,” ಅಂದೆ.

“ಎಷ್ಟು ಹಳೇದು ಅನ್ನೋದು ನೀನು ಬರೆಯೋದರ ಮೇಲಿದೆ. ಭಾನುವಾರ ಚೌಕದಲ್ಲಿ ಮೂಲ ಮನೆತನಗಳ ಹೆಸರು ಕೆತ್ತಿದ ಕಲ್ಲು ತೆರೀತೀವಿ. ನಮ್ಮವರು ಬಂದು ನೂರೈವತ್ತು ವರ್ಷ, ಹನ್ನೆರಡು ಮನೆತನ, ಫ್ರಾನ್ಸ್‌ನಿಂದ ಅತಿಥಿಗಳು. ಐದನೇ ಹೆಸರು ಯಾರದು, ನೆನಪಿದೆಯಾ?”

ನೆನಪಿತ್ತು. ಐದನೇ ಹೆಸರು ಪೆಲ್ರೆ.

ಒಂದು ಕಾಯಿ ಮತ್ತು ಬಿರಡೆ ತನಿಖೆಗೆ ಬೇಕು ಅಂತ ಹೇಳಿ ಜೇಬಿಗೆ ಹಾಕಿಕೊಂಡೆ. ದೊನ್ಯಾ ಬೇಡ ಅನ್ನಲಿಲ್ಲ. ಗೋಡೆ ಗಡಿಯಾರ ನೋಡಿ, ಇನ್ನು ಹೊರಡು ಅಂದರು. ಕಾಫಿಯನ್ನೂ ಕೊಡಲಿಲ್ಲ.

ಈ ಪತ್ರಿಕೆಯಲ್ಲಿ ಹನ್ನೊಂದು ವಾರದಿಂದ ನನ್ನ ಈ ಕಥೆ ಓದುತ್ತಿದ್ದೀರಿ. ಹನ್ನೊಂದು ವಾರದಿಂದ ನಾನು ನಿಮಗೆ ಒಂದು ವಿಷಯ ಹೇಳಿಲ್ಲ. ಮರೆತದ್ದಲ್ಲ. ಪ್ರತಿ ವಾರ ಬರೆಯಲು ಕೂತು, ಬದಲಿಗೆ ಹಸುವಿನ ವಿಷಯ ಬರೆದೆ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ನಾನು ಜನನ ಮರಣ ದಾಖಲೆ ಇಡುವ ಕಚೇರಿಯಲ್ಲಿ ಗುಮಾಸ್ತ. ಹಳೆಯ ಪುಸ್ತಕದ ಧೂಳು ಒರೆಸುವಾಗ ಸಾವಿರದ ಎಂಟುನೂರ ಅರವತ್ತೇಳರ ಒಂದು ಮದುವೆ ದಾಖಲೆ ಸಿಕ್ಕಿತು. ಫ್ರೆಂಚ್ ಸೈನ್ಯ ಮೆಕ್ಸಿಕೊ ಬಿಟ್ಟು ಹೋದ ವರ್ಷ ಅದು. ಮದುಮಗ ಸೈನ್ಯ ಬಿಟ್ಟು ಓಡಿಬಂದವನು. ನಿಜವಾದ ಹೆಸರು ಹೇಳಲು ಒಪ್ಪಲಿಲ್ಲ ಅಂತ ಬರೆದಿತ್ತು. ಅಂಚಿನಲ್ಲಿ ಆ ಕಾಲದ ಗುಮಾಸ್ತ ಸೇರಿಸಿದ್ದ: “ದಿವಂಗತ ಕ್ಲೋದ್ ಮೊರಿಸೊನ ತೊತೊನಾಕ್ ವಿಧವೆ ಮತ್ತು ಅವಳ ಮಗನ ವೆನಿಲ್ಲಾ ತೋಟದಲ್ಲಿ ಕೂಲಿ. ಆ ಮನೆಯ ಹೆಸರಿನಿಂದ ಇವನನ್ನೂ ಮೊರಿಸೊ ಎಂದು ಕರೆಯುತ್ತಾರೆ.”

ಆ ಮದುಮಗ ದೊನ್ಯಾ ಲಿಯೊಕಾದಿಯಾ ಅವರ ಮುತ್ತಜ್ಜ.

ಕೂಲಿಯವರು ಧಣಿ ಹೆಸರು ಇಟ್ಟುಕೊಂಡಿದ್ದು ನಿಜವೇ. ಊರಿಗೆ ಗೊತ್ತಿದ್ದದ್ದರಲ್ಲಿ ಕೂಲಿ ಯಾರು, ಧಣಿ ಯಾರು ಅನ್ನುವುದಷ್ಟೇ ತಿರುಗಾ ಮುರುಗಾ ಆಗಿತ್ತು.

ಹಾಳೆಯನ್ನು ಪುಸ್ತಕದಿಂದ ಹರಿದುಕೊಂಡು ಹೋಗಿ ಮೊದಲು ಅವರಿಗೇ ತೋರಿಸಿದೆ. ಅವರು ಓದಿದರು, ಮಡಚಿದರು, ನನಗೇ ವಾಪಸು ಕೊಟ್ಟರು. ಊಟಕ್ಕೆ ಕೂರು ಅಂದರು. ಬೆದರಿಸಲಿಲ್ಲ, ಬೇಡಲೂ ಇಲ್ಲ. ಹಣ್ಣು ತಿನ್ನುವಾಗ ಮಾತ್ರ, ಮೂಲ ಮನೆತನಗಳ ಪಟ್ಟಿ ಮಾಡ್ತಿದ್ದೀವಿ, ಪೆಲ್ರೆಗಳು ಯಾವ ಹಡಗಿನಲ್ಲಿ ಬಂದಿದ್ದು ಅಂತ ಕೇಳಿದರು. ಪೆಲ್ರೆಗಳು ಹಡಗಿನಲ್ಲಿ ಬಂದವರಲ್ಲ. ಮೂವತ್ತು ವರ್ಷ ತಡವಾಗಿ, ವೆರಾಕ್ರೂಸ್ ಕಡೆಯಿಂದ ಹೇಸರಗತ್ತೆ ಹೊಡೆದುಕೊಂಡು ಬಂದವರು. ಮೊದಲನೇ ಹಡಗು ಅಂದೆ.

ಅವತ್ತಿನಿಂದ ಮೂಲ ಮನೆತನಗಳ ವರ್ಷದ ಊಟದಲ್ಲಿ ನನಗೊಂದು ಕುರ್ಚಿ. ಅದರ ಋಣಕ್ಕೆ ದೊನ್ಯಾಗೆ ಒಂದು ವಂಶವೃಕ್ಷ ಬರೆದುಕೊಟ್ಟೆ. ಬುಡದಲ್ಲಿ ಜೆರುಸಲೇಮ್‌ಗೆ ಧರ್ಮಯುದ್ಧಕ್ಕೆ ಹೋಗಿ ಕುದುರೆಯಿಂದ ಬಿದ್ದ ಒಬ್ಬ ವೀರನನ್ನು ಇಟ್ಟೆ. ಕುದುರೆಗೂ ಹೆಸರು ಕೊಟ್ಟಿದ್ದೆ. ಅದು ಅವರ ಹಜಾರದಲ್ಲಿ ಚಿನ್ನದ ಚೌಕಟ್ಟಿನಲ್ಲಿದೆ.

ಹಾಳೆಯನ್ನು ಸುಡಬೇಕಿತ್ತು, ಇಲ್ಲ ಪುಸ್ತಕಕ್ಕೆ ಸೇರಿಸಬೇಕಿತ್ತು. ಎರಡಕ್ಕೂ ಧೈರ್ಯ ಬರಲಿಲ್ಲ. ನನ್ನ ಮನೆಯ ಫೋಟೊ ಚೌಕಟ್ಟಿನ ಹಿಂದೆ ಸೇರಿಸಿ ಮೊಳೆ ಹೊಡೆದೆ.

ಮೂರು ತಿಂಗಳಾದ ಮೇಲೆ ಫಿಲೆಮೊನ್ ಕಚೇರಿಗೆ ಬಂದ. ತಾತನ ಮನೆಯ ವಿಷಯ ಅರವತ್ತೇಳರ ಪುಸ್ತಕದಲ್ಲಿ ಏನೋ ಬರೆದಿದೆಯಂತೆ, ನೋಡಿ ಹೇಳಿ ಅಂದ. ಪುಸ್ತಕ ತೆಗೆದು ತೋರಿಸಿದೆ. ಆ ಹಾಳೆ ಗೆದ್ದಲು ತಿಂದಿದೆ ಅಂದೆ. ಅವನು ಹರಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಒಳ್ಳೇದು ಅಂದು ಹೊರಟುಹೋದ. ಆ ಕ್ರಿಸ್‌ಮಸ್‌ಗೆ ನನ್ನ ಬಾಗಿಲಿಗೆ ತಾಳೆನಾರಿನಲ್ಲಿ ಕಟ್ಟಿದ ಒಂದು ಹಿಡಿ ವೆನಿಲ್ಲಾ ಬಂತು. ಪ್ರತಿ ಕಾಯಿಯ ಮೇಲೂ ಹಕ್ಕಿಹೆಜ್ಜೆ. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ. ಇಷ್ಟು ಒಳ್ಳೆಯ ಮನುಷ್ಯನಿಗೆ ಮೋಸ ಮಾಡಿದೆನಲ್ಲ ಅಂತ ಪ್ರತಿ ಕ್ರಿಸ್‌ಮಸ್‌ಗೂ ನಾಚಿಕೆಪಟ್ಟು, ಆ ವೆನಿಲ್ಲಾ ಹಾಕಿ ಪಾಯಸದಂಥದ್ದು ಮಾಡಿ ತಿಂದಿದ್ದೇನೆ.

ಸಿಗಡಿ ಉಂಡ ಆ ದಿನ ದೊನ್ಯಾ ಮನೆಯಿಂದ ನೇರವಾಗಿ ದೋಣಿಗೆ ಹೋದೆ. ಮನೆಗೆ ಹೋಗಿ ಹಾಳೆ ತೆಗೆದುಕೊಂಡೇ ಹೋಗಬೇಕಿತ್ತು. ಮೊದಲು ಹೇಳೋಣ, ಆಮೇಲೆ ತೋರಿಸೋಣ ಅಂದುಕೊಂಡೆ. ನಿಜ ಹೇಳಿ ಅಭ್ಯಾಸವಿಲ್ಲದವನಿಗೆ ಯಾವುದು ಮೊದಲು ಅನ್ನುವುದು ತಿಳಿಯುವುದಿಲ್ಲ.

ಕಾಂದಿದಾ ಅಂಗಳದಲ್ಲಿ ಚಾಪೆಯ ಮೇಲೆ ಒಣಹಾಕಿದ ಕಾಯಿಗಳನ್ನು ಒಂದೊಂದಾಗಿ ಮಗ್ಗುಲು ಬದಲಿಸುತ್ತಿದ್ದಳು. ಮೂವತ್ತೆಂಟು ವಯಸ್ಸು, ಕೈ ಮಾತ್ರ ಅದಕ್ಕಿಂತ ಹಳೆಯದು. ಕೂರಿ ಅನ್ನಲಿಲ್ಲ. ಗರಿಗೋಡೆಯ ಆಚೆ ಫಿಲೆಮೊನ್ ಕೆಮ್ಮು ಕೇಳುತ್ತಿತ್ತು.

ಬಿರಡೆಯನ್ನು ಚಾಪೆಯ ಅಂಚಿಗಿಟ್ಟೆ. ಮುಳ್ಳು, ಗಾಯದ ಅಂಚು, ಕುಡುಗೋಲು, ಎಲ್ಲ ವಿವರಿಸಿದೆ. ಡಬ್ಬಿ ಇಟ್ಟದ್ದು ಕ್ಲೋದ್‌ನ ವಿಧವೆ, ಗೂಡಿಗೆ ಗಾರೆ ಬಳಿಸಿದ್ದೂ ಅವಳೇ ಅಂದೆ. ಬಹಳ ಚೆನ್ನಾಗಿ ಹೇಳಿದೆ. ಯಾರಾದರೂ ಚಪ್ಪಾಳೆ ತಟ್ಟಬೇಕಿತ್ತು.

ಅವಳು ಕಾಯಿ ತಿರುಗಿಸುತ್ತಲೇ ಇದ್ದಳು. “ಇದು ನಮಗೆ ಗೊತ್ತಿಲ್ದೇ ಇರೋದಾ ದೊನ್ ಉರ್ಬಾನೊ? ದೊನ್ಯಾಗೆ ಬೇಕಿರೋದು ಕಾಗದ. ಕಾಗದ ಎಲ್ಲಿ?”

ನನ್ನ ನಾಲಿಗೆ ತಾನಾಗಿಯೇ ಹಳೆಯ ದಾರಿ ಹಿಡಿಯಿತು. “ಅದು ನೋಡು ಮಗಳೇ, ಆವಾಗ ಆ ಕಚೇರೀಲಿ ಗೆದ್ದಲು...”

“ನಿಮ್ಮ ಕಚೇರಿ ಗೆದ್ದಲು ಟೋಪಿ ಹಾಕ್ಕೊಳ್ತಿತ್ತು ಅಂತಾರೆ ಅಪ್ಪ.”

ಒಳಗೆ ಕೆಮ್ಮು ನಿಂತಿತು.

ಹಾಳೆ ಹರಿದ ದಿನ ಅದನ್ನು ಮಡಚಿ ಟೋಪಿಯ ಒಳಪಟ್ಟಿಗೆ ಸಿಕ್ಕಿಸಿಕೊಂಡು ಹೊರಗೆ ಬಂದಿದ್ದೆ. ಕಚೇರಿಯ ಕಿಟಕಿಯ ಹೊರಗೆ ಯಾರೋ ತಾಳೆಗರಿ ಮೂಟೆ ಇಳಿಸುತ್ತಿದ್ದದ್ದು ನೆನಪಾಯಿತು. ಯಾರು ಅಂತ ಅವತ್ತು ನೋಡಿರಲಿಲ್ಲ. ಅಂಥವರನ್ನು ನೋಡುವ ಅಭ್ಯಾಸ ನಮ್ಮ ದಡದವರಿಗಿಲ್ಲ.

“ನೋಡಿದ್ರಾ?” ಅಂದೆ.

“ಕಿಟಕಿಯಿಂದ. ಮೂರು ತಿಂಗಳು ಕಾದ್ರು, ನೀವೇ ವಾಪಸು ಇಡ್ತೀರಿ ಅಂತ. ಆಮೇಲೆ ಬಂದು ಕೇಳಿದ್ರು.”

“ಮತ್ತೆ ಆ ವೆನಿಲ್ಲಾ? ಪ್ರತಿ ವರ್ಷ...”

ಅವಳ ಕೈ ಮೊದಲ ಸಲ ನಿಂತಿತು. “ಅದು ಉಡುಗೊರೆ ಅಂದ್ಕೊಂಡ್ರಾ?”

ಚಾಪೆಯ ಮೇಲಿನ ಕಾಯಿಗಳ ಹಕ್ಕಿಹೆಜ್ಜೆ ನೋಡುತ್ತಾ ನಿಂತೆ.

“ಅಪ್ಪ ಗುರುತು ಕಳಿಸ್ತಿದ್ರು. ಓದಿದವರು, ಓದ್ಕೊಳ್ತಾರೆ ಅಂತ. ಇಪ್ಪತ್ತೆರಡು ಸಲ.” ಮತ್ತೆ ಕಾಯಿ ತಿರುಗಿಸಿದಳು. “ನೀವು ಏನು ಮಾಡಿದ್ರಿ ಅದನ್ನ?”

ಪಾಯಸದ ವಿಷಯ ನಾನು ಹೇಳಲಿಲ್ಲ. ಈ ಕಥೆಯಲ್ಲಿ ಇನ್ನೂ ಮುಚ್ಚಿಟ್ಟದ್ದು ಅದೊಂದೇ ಇತ್ತು. ನಿಮಗೆ ಹೇಳಿಬಿಟ್ಟಿದ್ದೇನೆ, ಅವಳಿಗೆ ಹೇಳಬೇಡಿ.

ನನ್ನ ವಯಸ್ಸು ಐವತ್ತಮೂರು. ಮುಖ ಕೆಂಪಾಗುವ ವಯಸ್ಸು ದಾಟಿದೆ ಅಂದುಕೊಂಡಿದ್ದೆ. ಕಿವಿಯ ತನಕ ಬಿಸಿಯಾಯಿತು. ಟೋಪಿ ತೆಗೆದೆ. ಟೋಪಿ ಕೈಯಲ್ಲಿರುವುದು ನೋಡಿ ಮತ್ತೂ ನಾಚಿಕೆಯಾಗಿ, ಬೆನ್ನ ಹಿಂದೆ ಹಿಡಿದೆ.

ಆಗ ಎಲ್ಲವನ್ನೂ ಹೇಳಿದೆ. ಓಡಿಬಂದ ಸಿಪಾಯಿ, ಅಂಚಿನ ಸಾಲು, ಮೊದಲನೇ ಹಡಗು, ಹೇಸರಗತ್ತೆ. ಹಾಳೆ ನಾಶವಾಗಿಲ್ಲ, ನನ್ನ ಮನೆಯಲ್ಲಿ ಶಾಂಪ್ಲಿತ್ ಬಾಗಿಲಿನ ಫೋಟೊ ಹಿಂದೆ ಇದೆ, ಈಗಲೇ ದೋಣಿ ಹತ್ತಿ ತಂದುಕೊಡುತ್ತೇನೆ, ಅಪ್ಪ ಕಣ್ಣಾರೆ ನೋಡಲಿ ಅಂದೆ.

ಕಾಂದಿದಾ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತಕ್ಕಡಿಯಲ್ಲಿ ಕೊಳೆತ ಕಾಯಿ ಬಂದಾಗ ನೋಡುವ ಹಾಗೆ.

“ಯಾವ ಫೋಟೊ? ಕಲ್ಲು ಬಾಗಿಲು, ಕಪ್ಪು ಚೌಕಟ್ಟು?”

“ಅದೇ.”

“ಮಧ್ಯಾಹ್ನ ಅಪ್ಪನ ಔಷಧಿಗೆ ನಿಮ್ಮ ದಡಕ್ಕೆ ಬಂದಿದ್ದೆ. ನಿಮ್ಮ ಮನೆಯಿಂದ ಗಾಸ್ತೊನ್ ಅದನ್ನ ಕಂಕುಳಲ್ಲಿಟ್ಕೊಂಡು ಹೋಗ್ತಿದ್ದ. ಏನು ಗಾಸ್ತೊನ್, ಮನೆ ಖಾಲಿ ಮಾಡಿಸ್ತಿದ್ದೀಯಾ ಅಂದೆ. ದೊನ್ ಉರ್ಬಾನೊ ದೊಡ್ಡಮ್ಮನಿಗೆ ಕೊಟ್ಟಿದ್ದು ಅಂದ.”

ಸಿಗಡಿ. ಎರಡನೇ ಸಲ, ಮೂರನೇ ಸಲ. ಗೋಡೆ ಗಡಿಯಾರ. ಬಾರದ ಕಾಫಿ.

ನಮ್ಮ ಊರಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಹಾಳೆ ಎಲ್ಲಿದೆ ಅಂತ ದೊನ್ಯಾಗೆ ಹೇಳಿದವರು ಯಾರು ಅಂತಲೂ ಪತ್ತೆ ಮಾಡಬೇಕಾಗಿಲ್ಲ. ಒಂದು ಸಲ ವರ್ಷದ ಊಟದಲ್ಲಿ, ನಾಲ್ಕನೇ ಲೋಟದ ಮೇಲೆ, ಯಾರಿಗೂ ತಿಳಿಯದ ಹಾಗೆ ಹೇಗೆ ಬಚ್ಚಿಟ್ಟಿದ್ದೇನೆ ನೋಡಿ ಅಂತ ನಾನೇ ಜಂಬ ಕೊಚ್ಚಿದ್ದೆ.

“ನಾನು ಕೊಟ್ಟಿಲ್ಲ,” ಅಂದೆ. “ಕದ್ದಿದ್ದಾನೆ. ನಾನು ಅಲ್ಲಿ ಊಟಕ್ಕೆ ಕೂತಿದ್ದೆ.”

“ಊಟಕ್ಕೆ,” ಅಂದಳು ಕಾಂದಿದಾ.

ಗರಿಗೋಡೆಯ ಆಚೆಯಿಂದ ಮುದುಕ ತೊತೊನಾಕ್ ಭಾಷೆಯಲ್ಲಿ ಏನೋ ಕೇಳಿದ. ಅವಳು ಬಿರಡೆಯನ್ನು ಎತ್ತಿಕೊಂಡು ಸೆರಗಿನಂಥ ತನ್ನ ಹೊದಿಕೆಯ ತುದಿಗೆ ಗಂಟು ಹಾಕಿದಳು.

ಭಾನುವಾರಕ್ಕೆ ಮೂರು ದಿನ ಇತ್ತು. ಫಿಲೆಮೊನ್‌ಗೆ ಅಷ್ಟಿದೆಯೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಹಾಳೆ ದೊನ್ಯಾ ಲಿಯೊಕಾದಿಯಾ ಒಲೆಯ ಹತ್ತಿರ ಇತ್ತು, ಅಥವಾ ಆಗಲೇ ಒಲೆಯೊಳಗೆ. ಅದನ್ನು ಓದಿದ ಇನ್ನೊಬ್ಬ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ. ಹೆಂಚಿನ ಮೇಲೆ ಹಸು ಹತ್ತಿಸಿದವನು. ವೀರನ ಕುದುರೆಗೆ ಹೆಸರಿಟ್ಟವನು.

“ಕೇಳು ಮಗಳೇ,” ಅಂದೆ. “ಹಾಳೆ ಹೋದರೆ ಹೋಗಲಿ, ಓದಿದವನು ನಾನಿದ್ದೀನಿ. ಭಾನುವಾರ ಎಲ್ಲರೆದುರು ಆ ಕಲ್ಲಿನ ಮುಂದೆ ನಿಲ್ತೀನಿ. ಮೊದಲು ಐದನೇ ಹೆಸರು ಒಡೀರಿ ಅಂತೀನಿ, ಅದು ನಂದು. ಆಮೇಲೆ ಆ ಅಂಚಿನಲ್ಲಿ ಏನು ಬರೆದಿತ್ತು ಅಂತ ಒಂದಕ್ಷರ ಬಿಡದೆ ಹೇಳ್ತೀನಿ. ನಂಬ್ತಾರೆ. ಯಾಕೆ ನಂಬಲ್ಲ? ಒಂದೊಂದು ಮಾತೂ ನಿಜ, ನನ್ನ ಅಮ್ಮನ ಮೇಲೆ ಆಣೆ, ನನ್ನ ಎರಡು ಕಣ್ಣಿನ ಮೇಲೂ—”

ಕಾಂದಿದಾ ಎದ್ದು ಒಳಗೆ ಹೋದಳು.